ಇಂಟು ಮಾರ್ಕು

ಡ್ರೈವಿಂಗ್ ಮಾಸ್ತರು ಏಳನೆಯ ಸಲ ಸೋತರು.

"ನೀವು ಯಂತ್ರವಲ್ಲವೆಂದು ಸಾಬೀತುಪಡಿಸಿ. ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ" ಎಂದು ಪರದೆ ಕೇಳುತ್ತಿತ್ತು. ಮೂವತ್ತು ವರ್ಷ ಊರಿನ ಅರ್ಧ ಜನಕ್ಕೆ ಸಿಗ್ನಲ್ ಎಂದರೇನೆಂದು ಕಲಿಸಿದ ಮನುಷ್ಯ ಅವರು. ದೀಪ ಮಾತ್ರ ಸಿಗ್ನಲ್ಲೋ, ಅದರ ಕಂಬವೂ ಸೇರಿಯೋ? ಕಂಬ ಸೇರಿಸಿದರು, ತಪ್ಪು. ಬಿಟ್ಟರು, ಅದೂ ತಪ್ಪು. ಎಂಟನೆಯ ಸಲ ಕಣ್ಣುಮುಚ್ಚಿ ಒತ್ತಿದರು. ಅವರು ಮನುಷ್ಯರೆಂದು ಯಂತ್ರಕ್ಕೆ ನಂಬಿಕೆ ಬಂತು.

ಒಳಗೆ ಹೋದರೆ ಸ್ವಾಗತಕ್ಕೆ ಬರ ಇರಲಿಲ್ಲ. ಕುಕೀಸ್ ಒಪ್ಪುತ್ತೀರಾ? ಒಪ್ಪಿದರು. ಸೂಚನೆ ಕಳಿಸಬಹುದೇ? ಬೇಡ. ನಿಜವಾಗಿಯೂ ಬೇಡವೇ? ಬೇಡ ಎಂದರೆ ಬೇಡ! ಮೂಲೆಯಲ್ಲೊಂದು ವೀಡಿಯೊ ತಾನಾಗಿಯೇ ಶುರುವಾಗಿ, ಬೋಳು ತಲೆಗೆ ಎಣ್ಣೆ ಮಾರತೊಡಗಿತು. ಮಾಸ್ತರು ತಲೆ ಸವರಿಕೊಂಡರು. ಇವರಿಗೆ ಹೇಗೆ ಗೊತ್ತಾಯಿತು?

ಬೇರೆ ದಿನವಾಗಿದ್ದರೆ ಕಂಪ್ಯೂಟರ್ ಮುಚ್ಚಿ ಎದ್ದುಹೋಗುತ್ತಿದ್ದರು. ಇವತ್ತು ಹಾಗೆ ಮಾಡುವಂತಿರಲಿಲ್ಲ. ಮದುವೆಯಾದ ಮೊದಲ ವರ್ಷವೇ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಇಪ್ಪತ್ತೈದು ವರ್ಷವಾದರೂ ಆಕೆ ಕಂಡದ್ದು ಕ್ಯಾಲೆಂಡರಿನ ಸಮುದ್ರವನ್ನೇ. ನಿನ್ನೆ ಆಕೆ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟು ಹೇಳಿದ್ದಳು: "ಈ ಸೈಟಲ್ಲೇ ಮಾಡಿ, ಬೇರೆ ಕಡೆ ಹೋಗ್ಬೇಡಿ. ನೀವೇ ಮಾಡ್ಬೇಕು. ನಾಳೆ ಹನ್ನೊಂದರೊಳಗೆ ರೂಮ್ ಆಗ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ಎಷ್ಟು ದಿನಕ್ಕೆ ಅಂತ ಕೇಳ್ಬೇಡಿ."

ಜಗಳವಾಡಿದ್ದರೆ ಮಾಸ್ತರಿಗೆ ಸಮಾಧಾನವಿರುತ್ತಿತ್ತು. ಆಕೆ ಮೆಲ್ಲಗೆ ಹೇಳಿದ್ದಳು.

ಈಗ ಗಂಟೆ ಹತ್ತೂಕಾಲು. ಆಕೆ ಎಂದಿನಂತೆ ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ನಾಲ್ಕು ತಿಂಗಳಿಂದ ಬೆಳಿಗ್ಗೆ ಒಂಬತ್ತಕ್ಕೆಲ್ಲ ಲ್ಯಾಪ್‌ಟಾಪ್ ಹಿಡಿದು ಒಳಗೆ ಸೇರುವುದು ಆಕೆಯ ರೂಢಿಯಾಗಿತ್ತು. ಕಸೂತಿ ಕ್ಲಾಸೋ, ಕೇಕಿನ ಕ್ಲಾಸೋ ಇರಬೇಕು. ಮಾಸ್ತರು ಕೇಳಲು ಹೋಗಿರಲಿಲ್ಲ.

ಸಮುದ್ರದೆದುರಿನ ರೂಮು ಒಂದೇ ಉಳಿದಿತ್ತು. "ಈ ರೂಮನ್ನು ಈಗ ಹದಿನಾಲ್ಕು ಜನ ನೋಡುತ್ತಿದ್ದಾರೆ!" ಎಂದು ಕೆಂಪಕ್ಷರ ಕುಣಿಯಿತು. ಮಾಸ್ತರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಹೆಸರು, ಫೋನ್ ನಂಬರು ತುಂಬಿದರು. ಪುಟ ಕಣ್ಣುಮಿಟುಕಿಸಿ ಎಲ್ಲವನ್ನೂ ಅಳಿಸಿತು. ಮತ್ತೆ ತುಂಬಿದರು. ಈ ಸಲ ಕೆಳಗಿನ ಮೂಲೆಯಲ್ಲಿ ಗುಳ್ಳೆಯೊಂದು ಪುಟಿಯಿತು.

"ನಮಸ್ಕಾರ! ನಾನು ನಿಮ್ಮ ಸಹಾಯಕಿ. ಏನಾದರೂ ತೊಂದರೆಯೇ?"

"ನೀನೇ ತೊಂದರೆ" ಎಂದು ಮಾಸ್ತರು ಒಂದೊಂದೇ ಅಕ್ಷರ ಕುಟ್ಟಿದರು. "ಸಮುದ್ರದ ರೂಮು ಬೇಕು. ದಿನಾಂಕದ ಕಡೆ ಬರೀ ಚುಕ್ಕೆ ಕಾಣುತ್ತಿದೆ."

"ಕನ್ನಡಕ ಹಾಕಿಕೊಂಡು ನೋಡಿ, ಸರ್."

ಮಾಸ್ತರು ಹೌಹಾರಿದರು. ಕನ್ನಡಕ ಅಂಗಿಯ ಜೇಬಿನಲ್ಲಿತ್ತು. ಕ್ಯಾಮೆರಾದಲ್ಲಿ ಇಣುಕುತ್ತಿದ್ದಾರೆ, ಕಳ್ಳನನ್ನಮಕ್ಕಳು! ಗಾಯಕ್ಕೆ ಹಚ್ಚುವ ಪಟ್ಟಿ ಹುಡುಕಿ ತಂದು ಕ್ಯಾಮೆರಾಕ್ಕೆ ಅಂಟಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ಚುಕ್ಕೆಗಳೆಲ್ಲ ದಿನಾಂಕಗಳಾಗಿದ್ದವು.

ಅಷ್ಟರಲ್ಲಿ ಹೆಂಡತಿ ನೀರು ತುಂಬಿಸಿಕೊಳ್ಳಲು ಹೊರಗೆ ಬಂದಳು. "ಆಯ್ತಾ?"

"ಆಗ್ತಿದೆ ಕಣೇ. ಯಾವ್ದೋ ಯಂತ್ರ ಗಂಟುಬಿದ್ದಿದೆ. ಪೆದ್ದು."

"ಪಾಪ, ಅದಕ್ಕೂ ನಿಮ್ಮ ಜೊತೆ ಏಗಿ ಸಾಕಾಗಿರುತ್ತೆ" ಎಂದು ಆಕೆ ಬಾಟಲಿ ಹಿಡಿದು ಒಳಗೆ ಹೋದಳು.

"ಎಷ್ಟು ಜನ ಸರ್?" ಎಂದು ಗುಳ್ಳೆ ಕೇಳಿತು.

"ಇಬ್ಬರು. ನಾನು, ನನ್ನ ಹೆಂಡತಿ." ಮಾಸ್ತರಿಗೆ ಈಗ ಹುರುಪು ಬಂದಿತ್ತು. ಯಂತ್ರವಲ್ಲವೇ, ಅದರೆದುರು ಯಾವ ನಾಚಿಕೆ? "ಇಪ್ಪತ್ತೈದು ವರ್ಷದಿಂದ ಸಮುದ್ರ, ಸಮುದ್ರ ಅಂತ ತಲೆ ತಿನ್ನುತ್ತಾಳೆ. ನಿಮ್ಮ ಈ ಜಾಹೀರಾತುಗಳೇ ವಾಸಿ. ಮೂಲೆಯ ಇಂಟು ಮಾರ್ಕು ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಅವಳಿಗೆ ಇಂಟು ಮಾರ್ಕೇ ಇಲ್ಲ."

ತಮ್ಮ ಮಾತಿಗೆ ತಾವೇ ನಕ್ಕರು. ಗುಳ್ಳೆಯಲ್ಲಿ ಮೂರು ಚುಕ್ಕೆ ಬಹಳ ಹೊತ್ತು ಕುಣಿದವು, ನಿಂತವು, ಮತ್ತೆ ಕುಣಿದವು.

"ನಿಮಗೆ ಹೋಗಲು ಇಷ್ಟವಿದೆಯೇ ಸರ್?"

"ಇಷ್ಟವೂ ಇಲ್ಲ, ಮಣ್ಣೂ ಇಲ್ಲ. ಮೂರು ದಿನ ಮರಳಿನ ಮೇಲೆ ಕೂತು ಅವಳ ಪುರಾಣ ಕೇಳಬೇಕು. ಬಾಯಿ ಮುಚ್ಚಿಸುವುದಕ್ಕೆ ಹೋಗುತ್ತಿದ್ದೇನೆ, ಅಷ್ಟೇ."

ಅದು ಸುಳ್ಳು. ಆಕೆ ಅಕ್ಕನ ಮನೆಗೆ ಹೋಗಿ ವಾಪಸು ಬರದಿದ್ದರೆ ಎಂದು ರಾತ್ರಿಯೆಲ್ಲ ಅವರಿಗೆ ನಿದ್ದೆ ಬಂದಿರಲಿಲ್ಲ. ಆದರೆ ಇಂಥದ್ದನ್ನು ಯಂತ್ರಕ್ಕೆ ಹೇಳಲು ಅವರಿಗೇನು ಹುಚ್ಚೇ?

"ಅರ್ಥವಾಯಿತು ಸರ್. ನಿಮ್ಮ ತೊಂದರೆ ತಪ್ಪಿಸುವುದೇ ನಮ್ಮ ಕೆಲಸ."

ಪರದೆಯ ಮೇಲೆ ಹಸಿರು ಗುರುತು ಮೂಡಿತು. ರೂಮು ಖಾಯಂ! ಗಂಟೆ ಹತ್ತು ಐವತ್ತು. ಮಾಸ್ತರು ಕುರ್ಚಿಗೊರಗಿ ಉಸಿರುಬಿಟ್ಟರು. ಬದುಕಿದೆಯಾ ಬಡಜೀವವೇ. ಹೆಂಡತಿಯನ್ನು ಕೂಗಬೇಕೆಂದು ಬಾಯಿ ತೆರೆದವರು, ಕೆಳಗಿನ ಸಾಲು ಕಂಡು ಪರದೆಯತ್ತ ಬಗ್ಗಿದರು. ಅತಿಥಿಗಳು: ಒಬ್ಬರು.

"ಏಯ್, ತಪ್ಪಾಗಿದೆ!" ಎಂದು ಗಾಬರಿಯಿಂದ ಕುಟ್ಟಿದರು. "ಇಬ್ಬರು! ಇಬ್ಬರು ಅಂತ ಹೇಳಿದ್ದೆನಲ್ಲ!"

ಒಳಕೋಣೆಯಲ್ಲಿ ಕೀಲಿಗಳು ಟಪಟಪ ಸದ್ದು ಮಾಡಿದವು, ನಿಂತವು. ಅದೇ ಕ್ಷಣಕ್ಕೆ ಗುಳ್ಳೆಯಲ್ಲಿ ಉತ್ತರ ಮೂಡಿತು.

"ತಪ್ಪೇನಿಲ್ಲ ರೀ. ಹೋಗ್ತಿರೋದು ನಾನೊಬ್ಳೇ."