ಫೋನ್ ಎತ್ತದ ಹನ್ನೆರಡು ಮಂದಿ

“ಇಲ್ಲೊಂದು ಸಹಿ ಹಾಕ್ರಿ ಸಿಸ್ಟರ್,” ಎಂದು ಡಾಕ್ಟರ್ ಉದಯಕುಮಾರ ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಪೆನ್ನು ಹಿಡಿದ ರಾಜಶ್ರೀ ಹಾಳೆಯ ನಡುವಿನ ಒಂದು ಸಾಲು ಓದಿ ಕೈ ಹಿಂದಕ್ಕೆಳೆದುಕೊಂಡಳು. ಆಪರೇಷನ್ ಆಗಿ ವರ್ಷದ ಮೇಲೆ ವಿಚಾರಿಸಲು ಸಿಗದೆ ಹೋದವರು ಎಷ್ಟು ಮಂದಿ ಎಂದು ವೈದ್ಯಕೀಯ ಪತ್ರಿಕೆಯವರು ಕೇಳಿದ್ದರು. ಡಾಕ್ಟರು ‘ಯಾರೂ ಇಲ್ಲ’ ಎಂದು ತುಂಬಿದ್ದರು. ಅದರ ಕೆಳಗೆ, ನೋವು ಉಳಿದವರ ಸಂಖ್ಯೆ: ಸೊನ್ನೆ.

ಹರ್ನಿಯಾಕ್ಕೆ ಡಾಕ್ಟರು ತಾವೇ ಕಂಡುಕೊಂಡ ಹೊಸ ಹೊಲಿಗೆಯನ್ನು ಹಳಿಯಾಳದ ತಮ್ಮ ಆಸ್ಪತ್ರೆಯಲ್ಲಿ ಎಂಬತ್ತಾರು ಮಂದಿಗೆ ಹಾಕಿದ್ದರು. ಅದರ ಫಲಿತಾಂಶ ಇವತ್ತು ಸಂಜೆಯೊಳಗೆ ಆ ದೊಡ್ಡ ಪತ್ರಿಕೆಗೆ ಹೋಗಬೇಕಿತ್ತು. ಅಚ್ಚಾದರೆ ಊರೂರಿನ ಡಾಕ್ಟರುಗಳು ಓದಿ ಅದೇ ಹೊಲಿಗೆ ಹಾಕುತ್ತಾರೆ. ಅವರ ಮಾತು ಹಾಗಿರಲಿ, ನಾಳೆ ಬೆಳಗ್ಗೆ ಅದನ್ನೇ ಹಾಕಿಸಿಕೊಳ್ಳಲು ದಾಂಡೇಲಿಯ ಮೆಕ್ಯಾನಿಕ್ ಜುಬೇರ ಪಕ್ಕದ ವಾರ್ಡಿನಲ್ಲಿ ಮಲಗಿದ್ದ. ಎಲ್ಲರಿಗೂ ಆರಾಮಾಗಿದೆಯಲ್ಲವೇ ಎಂದು ನಿನ್ನೆ ಅವನು ರಾಜಶ್ರೀಯನ್ನು ಕೇಳಿದ್ದ. ಆಗಿದೆ ಎಂದು ಇವಳೂ ಹೇಳಿಬಿಟ್ಟಿದ್ದಳು. ಆ ಮಾತು ನಿನ್ನೆಯಿಂದ ಅವಳನ್ನು ಕೊರೆಯುತ್ತಿತ್ತು.

ಏಕೆಂದರೆ ಎಲ್ಲರಿಗೂ ಫೋನ್ ಮಾಡಿ ವಿಚಾರಿಸಿದವಳು ಅವಳೇ. ಎಪ್ಪತ್ತನಾಲ್ಕು ಮಂದಿ ಮಾತಾಡಿ ಆರಾಮ ಇದ್ದೇವೆ ಎಂದಿದ್ದರು. ಹನ್ನೆರಡು ಮಂದಿ ಸಿಕ್ಕಿರಲೇ ಇಲ್ಲ. ಮೂರು ಸಲ ಹಚ್ಚಿ ನೋಡು, ಸಿಗದಿದ್ದರೆ ‘ತೊಂದರೆ ಇಲ್ಲ’ ಎಂದು ಬರೆದುಕೋ ಎಂಬುದು ಡಾಕ್ಟರ ಕಟ್ಟಪ್ಪಣೆ. ಹೊಟ್ಟೆ ನೊಂದವ ತಾನೇ ಅಜವಾನ ತಿನ್ನುತ್ತಾನೆ, ನೋವಿದ್ದವ ತಾನೇ ಓಡಿಬರುತ್ತಾನೆ ಎಂದು ಗಾದೆ ಬೇರೆ. ಇವಳು ಕೋಲೆಬಸವನ ಹಾಗೆ ತಲೆಯಾಡಿಸಿ ಬರೆದುಕೊಂಡಿದ್ದಳು. ಆದರೆ ಹನ್ನೆರಡರಲ್ಲಿ ಒಂಬತ್ತು ಹೆಸರು ಜೊಯಿಡಾದ ಕಾಡಿನ ಊರುಗಳವೇ ಎಂದು ಆಮೇಲೆ ಕಣ್ಣಿಗೆ ಬಿತ್ತು. ಅಣಶಿ ಕಡೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮೊನ್ನೆ, ನೋವಿದ್ದವರು ಆಸ್ಪತ್ರೆಗೆ ಬನ್ನಿ ಎಂದು ಒಂದು ಚೀಟಿ ಕೊಟ್ಟು ಕಳಿಸಿದಳು. ಇವತ್ತು ಅದಕ್ಕೆ ಉತ್ತರ ಬಂದು ಹೊರಗೆ ಬೆಂಚಿನ ಮೇಲೆ ಕೂತಿತ್ತು.

“ಇದು ಸುಳ್ಳೈತ್ರಿ ಸರ್,” ಎಂದಳು. “ಹನ್ನೆರಡು ಮಂದಿ ನಮಗ ಸಿಕ್ಕಿಲ್ಲ.”

“ಸಿಗದವರ ಹೆಸರಿನ ಮುಂದ ನೋವು ಅಂತ ನಾವ್ಯಾಕ ಬರೀಬೇಕು?”

“ಆರಾಮ ಅಂತ ಮಾತ್ರ ಯಾಕ ಬರೀಬೇಕ್ರಿ?”

ಡಾಕ್ಟರು ಕನ್ನಡಕ ತೆಗೆದಿಟ್ಟರು. ಆರು ವರ್ಷದ ಬೆವರು ಇದು ಎಂದರು. ಹಳಿಯಾಳದ ಡಾಕ್ಟರನನ್ನು ದೊಡ್ಡ ಊರಿನವರು ಲೆಕ್ಕಕ್ಕೇ ಇಡುವುದಿಲ್ಲ, ಸಿಗದವರು ಹನ್ನೆರಡು ಎಂದು ಬರೆದರೆ ಹಾಳೆಯನ್ನು ಹಾಗೇ ಹಿಂದಕ್ಕೆ ಎಸೆಯುತ್ತಾರೆ ಎಂದರು. ಬೆವರಿನ ಮಾತು ಸುಳ್ಳಲ್ಲ. ಆ ಬೆವರನ್ನು ಆಪರೇಷನ್ ಮೇಜಿನ ಪಕ್ಕದಲ್ಲಿ ನಿಂತು ಒರೆಸಿದವಳು ರಾಜಶ್ರೀಯೇ. ಇಷ್ಟು ದುಡಿದ ಮನುಷ್ಯ ಕೊನೆಗೆ ಇಂಥ ಹೇಡಿ ಸುಳ್ಳಿಗೆ ಇಳಿದರಲ್ಲ ಎಂದೇ ಅವಳಿಗೆ ಮೈಯೆಲ್ಲ ಉರಿಯಿತು. ಹೋಗಿ ಬಾಗಿಲು ತೆರೆದು ಬೆಂಚಿನ ಮೇಲೆ ಕೂತಿದ್ದ ಪುಂಡಲೀಕನನ್ನು ಒಳಗೆ ಕರೆದಳು.

ಪುಂಡಲೀಕ ಅಣಶಿಯ ಗದ್ದೆ ಕೆಲಸದವನು, ನಲವತ್ತರ ಆಳು. ಒಂದು ಕೈ ಗೋಡೆಗೆ, ಒಂದು ಕೈ ತೊಡೆಯ ಸಂದಿಗೆ ಇಟ್ಟುಕೊಂಡು ಬಾಗಿಲಿನಿಂದ ಮೇಜಿನವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತ. ಡಾಕ್ಟರು ಅವನನ್ನು ಮಂಚದ ಮೇಲೆ ಮಲಗಿಸಿ ಹಳೆಯ ಹೊಲಿಗೆಯ ಮೇಲೆ ಮೆಲ್ಲಗೆ ಬೆರಳಿಟ್ಟರು. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಡಾಕ್ಟರ ಮುಖ ಒಮ್ಮೆ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಸಿಟ್ಟು ಹೋಗಿ ಬಿದ್ದದ್ದು ಮಲಗಿದವನ ಮೇಲೆ.

“ಇಷ್ಟು ನೋವಿದ್ರ ವರ್ಷಗಟ್ಲೆ ಬಾಯಿ ಮುಚ್ಚಿಕೊಂಡು ಕುಂತಿಯಲ್ಲೋ. ನಾವು ಫೋನ್ ಮಾಡಿದ್ರ ಎತ್ತಾಕ ಏನಾಗಿತ್ತು?”

ಪುಂಡಲೀಕ ತಾನೇ ತಪ್ಪು ಮಾಡಿದವನಂತೆ ಎದ್ದು ಕೂತ. ನಾವೇ ಫೋನ್ ಮಾಡಿ ಕೇಳುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರಂತೆ, ಅದಕ್ಕೇ ಕಾದನಂತೆ. ಅವನ ಕೇರಿಯಲ್ಲಿ ಯಾರ ಫೋನಿಗೂ ಸಿಗ್ನಲ್ ಬರುವುದಿಲ್ಲ. ಹಿಂದಿನ ಗುಡ್ಡದ ನೆತ್ತಿಗೆ ಹೋದರೆ ಬರುತ್ತದೆ. ಫೋನಿನ ಕೆಲಸ ಇದ್ದವರು ಸಂಜೆ ಹೊತ್ತು ಗುಡ್ಡ ಏರಿ ಅಲ್ಲಿ ಕೂರುತ್ತಾರೆ.

“ನಮ್ಮ ಕೇರಿ ದತ್ತಾರಾಮಗೂ ನೀವ ಆಪರೇಷನ್ ಮಾಡೀರಲ್ರಿ. ಅವ ದಿನಾ ಗುಡ್ಡ ಏರ್ತಾನ, ನಿಮ್ಮ ಫೋನ್ ಅವಗ ಸಿಕ್ಕಿತ್ತಂತ. ನನಗ ಏರಾಕ ಆಗಂಗಿಲ್ರಿ.”

ರಾಜಶ್ರೀ ಹಾಳೆಯನ್ನು ಎಳೆದುಕೊಂಡು ‘ಯಾರೂ ಇಲ್ಲ’ ಎಂಬುದನ್ನು ಕಾಗದ ಹರಿಯುವ ಹಾಗೆ ಗೀಚಿ, ಪುಂಡಲೀಕನನ್ನು ಕಳೆದು ಪಕ್ಕದಲ್ಲಿ ‘ಹನ್ನೊಂದು’ ಎಂದೂ, ನೋವಿನ ಸೊನ್ನೆಯನ್ನು ಹೊಡೆದು ‘ಒಂದು’ ಎಂದೂ ಬರೆದು ಅದರ ಕೆಳಗೆ ತನ್ನ ಸಹಿ ಹಾಕಿದಳು. “ಈಗ ಕಳಸ್ರಿ ಸರ್. ಜುಬೇರಗ ನೀವ ಹೇಳ್ತೀರೋ, ನಾನ ಹೇಳ್ಲ್ಯೋ?”

ಡಾಕ್ಟರು ಚೀಟಿಯಲ್ಲಿ ನೋವಿನ ಮಾತ್ರೆ ಬರೆದು ಪುಂಡಲೀಕನ ಕೈಗಿತ್ತರು. ಮುಂದಿನ ವಾರ ಹೇಗಿದೆ ಎಂದು ಕೇಳಲು ಆಸ್ಪತ್ರೆಯಿಂದ ಫೋನ್ ಬರುತ್ತದೆ, ಈ ಸಲವಾದರೂ ತಪ್ಪದೆ ಎತ್ತು ಎಂದು ತಾಕೀತು ಮಾಡಿದರು.

ಪುಂಡಲೀಕ ಚೀಟಿಯನ್ನು ಕಿಸೆಯಲ್ಲಿಟ್ಟು ಕೈ ಮುಗಿದ.

“ಗುಡ್ಡ ಏರೂವಷ್ಟು ಆರಾಮ ಆದ್ರ ಎತ್ತತೇನ್ರಿ, ಸಾಹೇಬ್ರ.”