ಡಬ್ಬಿಯ ಮೇಲೆ ಕುಳಿತವರು

ಕಾಗೆ ಕಂಬದಿಂದ ಇಳಿಯಲೊಲ್ಲದು.

ಪುಣೆಯ ಯೆರವಡಾದ ಒಂದು ಮನೆಯ ಕಾಂಪೌಂಡ್ ಗೋಡೆಯ ಮೇಲೆ ಬಾಳೆಲೆಯ ತುಂಡಿನಲ್ಲಿ ಪಿಂಡ ಇಟ್ಟು ಅರ್ಧ ತಾಸಾಗಿತ್ತು. ಪಂಢರಿನಾಥರಾಯರು ತೀರಿಕೊಂಡು ಅಂದಿಗೆ ಒಂದು ವರ್ಷ. ಕಾಗೆ ಮುಟ್ಟದೆ ಮನೆಯವರು ಊಟಕ್ಕೆ ಕೂಡುವಂತಿಲ್ಲ. ಒಳಗೆ ವಡೆ ಆರುತ್ತಿದ್ದವು. ಹೊರಗೆ ರಾಯರ ಹೆಂಡತಿ ಕೃಷ್ಣಾಬಾಯಿ, ಮಗ ಮಧ್ವೇಶ, ಸೊಸೆ ಮಂಜರಿ, ಪುರೋಹಿತರಾದ ಆಚಾರ್ಯರು, ನಾಲ್ವರೂ ಕತ್ತೆತ್ತಿ ನಿಂತಿದ್ದರು. ಬೀದಿದೀಪದ ಕಂಬಕ್ಕೆ ಹೊಸದಾಗಿ ಮೊಬೈಲ್ ಸಿಗ್ನಲ್ಲಿನ ಒಂದು ಬಿಳಿ ಡಬ್ಬಿ ಬಿಗಿದಿದ್ದರು. ಕಾಗೆ ಅದರ ಮೇಲೆ ಕುಳಿತಿತ್ತು.

“ಏನರೆ ಆಶಾ ಉಳದಿರಬೇಕು ನೋಡ್ರಿ. ಒಬ್ಬೊಬ್ಬರಾಗಿ ಮಾತು ಕೊಡ್ರಿ,” ಎಂದರು ಆಚಾರ್ಯರು.

ಮಧ್ವೇಶ ಕೈಮುಗಿದ. “ಅಪ್ಪಾ, ನಿನ್ನ ಸ್ಕೂಟರ್ ಗುಜರಿಗೆ ಹಾಕೂದಿಲ್ಲ.” ಕಾಗೆ ಕೊಕ್ಕು ಉಜ್ಜಿಕೊಂಡಿತು. ಮಂಜರಿ ಪುಣೆಯಲ್ಲೇ ಹುಟ್ಟಿ ಬೆಳೆದವಳು. ಯಾವ ಅಡುಗೆಗೂ ಅವಳ ಕೈ ಸಕ್ಕರೆಯತ್ತ ಹೋಗುವುದು. “ಮಾವಾರ, ಇನ್ನ ಮ್ಯಾಲೆ ಸಾರಿಗೆ ಸಕ್ಕರಿ ಹಾಕೂದಿಲ್ರಿ, ದೇವರಾಣಿ,” ಎಂದಳು. ಕಾಗೆ ಕತ್ತು ವಾರೆ ಮಾಡಿ ಕೆಳಗೆ ನೋಡಿತು. ನೋಡಿದ್ದು ಅವಳನ್ನಲ್ಲ.

ಕಂಬದ ಬುಡದಲ್ಲಿ ಇಬ್ಬರು ಒಂದೇ ಏಣಿಯನ್ನು ಹಿಡಿದು ಎಳೆದಾಡುತ್ತಿದ್ದರು. ಒಬ್ಬ ಪಾಲಿಕೆಯ ಎಂಜಿನಿಯರ್ ಪೃಥ್ವಿರಾಜ್, ನಿಪ್ಪಾಣಿಯವನು. ಡಬ್ಬಿ ಇಳಿಸಲು ಬಂದಿದ್ದ. ಇನ್ನೊಬ್ಬ ದಿಲ್ಲಿ ಸರ್ಕಾರದ ದೂರಸಂಪರ್ಕ ಖಾತೆಯ ಓಂಕಾರ್, ಸೊಲ್ಲಾಪುರದವನು. ಇಳಿಸದಂತೆ ತಡೆಯಲು ಬಂದಿದ್ದ. ಮರಾಠಿಯಲ್ಲಿ ಶುರುವಾದ ಜಗಳ ಸಿಟ್ಟು ಏರಿದಂತೆ ಕನ್ನಡಕ್ಕೆ ಇಳಿದಿತ್ತು.

“ಕಂಬ ನಮ್ಮದು! ನಟ್ಟವರು ನಾವು, ಬಣ್ಣಾ ಬಳದವರು ನಾವು. ನಮ್ಮನ್ನ ಒಂದು ಮಾತು ಕೇಳಲಾರದ ಡಬ್ಬಿ ಹೆಂಗ ಕಟ್ಟಿಸಿದ್ರಿ?”

“ಮೊಬೈಲ್ ಡಬ್ಬಿಗೆ ಕಂಬ ಕೊಡಬೇಕಂತ ದಿಲ್ಲಿ ಕಾಯ್ದೆ ಅದ. ಕೇಳೂದೇನದ ಅದರಾಗ?”

“ದಿಲ್ಲಿಯೊಳಗ ಕಂಬ ಇಲ್ಲೇನು? ಅಲ್ಲೇ ಕಟ್ಟಿಕೋರಿ!”

“ಹಂಗಾರ ಫೋನ್ ಹಚ್ಚಬೇಕಾದಾಗೆಲ್ಲಾ ನೀವೂ ದಿಲ್ಲಿಗೇ ಹೋಗ್ರಿ!”

ಕೃಷ್ಣಾಬಾಯಿಗೆ ತಟ್ಟನೆ ಹೊಳೆಯಿತು. ನಲವತ್ತೆಂಟು ವರ್ಷ ಸಂಸಾರ ಮಾಡಿದವರಿಗೆ ಹೊಳೆಯದೆ ಇನ್ನಾರಿಗೆ ಹೊಳೆದೀತು? ಬೀದಿಯಲ್ಲಿ ಜಗಳ ಹತ್ತಿತೆಂದರೆ ರಾಯರಿಗೆ ಊಟದ ಪರಿವೆಯೇ ಇರುತ್ತಿರಲಿಲ್ಲ. ಕೈ ತೊಳೆದು ಗೇಟಿಗೆ ಹೋಗಿ ನಿಂತರೆಂದರೆ ಗೆದ್ದವನಾರು, ಸೋತವನಾರು ಎಂದು ತಿಳಿಯುವ ತನಕ ಒಳಗೆ ಬಂದವರಲ್ಲ.

“ಆಶಾನೂ ಇಲ್ಲ, ಎಂಥದೂ ಇಲ್ಲ. ಜಗಳಾ ನೋಡ್ಲಿಕ್ಕೆ ಕುಂತಾರ,” ಎಂದು ಸೆರಗು ಬಿಗಿದು ಗೇಟು ತೆರೆದರು.

“ಅವ್ವಾ, ಮಡಿ!” ಎಂದು ಮಧ್ವೇಶ ಕೂಗಿದ. ಅವರು ಆಗಲೇ ಬೀದಿಯಲ್ಲಿದ್ದರು.

“ಅಪ್ಪಗಳಿರಾ, ದೂರ ನಿಂತು ಕೇಳ್ರಿ, ನಾ ಮಡೀಲಿದ್ದೀನಿ. ನಿಮ್ಮ ಜಗಳಾ ಲಗೂನ ಮುಗಸ್ರಿ. ನಮ್ಮ ಮನಿಯವರು ಉಪಾಸ ಕುಂತಾರ.”

“ಎಲ್ಲೆ ಕುಂತಾರ್ರಿ, ಆಜಿ?” ಎಂದ ಪೃಥ್ವಿರಾಜ್.

ಕೃಷ್ಣಾಬಾಯಿ ಬೆರಳು ಮೇಲೆ ಮಾಡಿದರು. ಗೋಡೆಯ ಮೇಲಿನ ಎಲೆ ಕಣ್ಣಿಗೆ ಬಿದ್ದದ್ದೇ ಇಬ್ಬರೂ ಏಣಿ ಬಿಟ್ಟು ಬೂಟು ಕಳಚಿದರು. ಸರ್ಕಾರ ಯಾವುದಾದರೇನು, ಪಿಂಡದ ಕಾಗೆಯ ಎದುರು ಎದೆ ಸೆಟೆಸುವ ಗಂಡಸು ಇನ್ನೂ ಹುಟ್ಟಿಲ್ಲ.

“ಆದರ ನಮ್ಮ ಕೈಯಾಗ ಏನದರಿ? ಎರಡೂ ಕಚೇರಿ ಕೂಡಿ ಆರ್ಡರ್ ಮಾಡಬೇಕು,” ಎಂದು ಓಂಕಾರ್ ತೊದಲಿದ.

“ನಾ ಹೇಳ್ತೀನಿ, ಬರಕೋರಿ. ಕಂಬ ಇವಂದು. ಡಬ್ಬಿ ನಿಂದು. ಅದರ ಮ್ಯಾಲೆ ಕುಂತವರು ನಮ್ಮವರು. ಆರ್ಡರ್ ಬರೂ ತನಕ ಯಾರೂ ಯಾರನ್ನೂ ಇಳಸೂದು ಬ್ಯಾಡ.”

ಪೃಥ್ವಿರಾಜ್ ಏಣಿಯ ಮೆಟ್ಟಿಲ ಮೇಲೆ ಹಾಳೆ ಇಟ್ಟು ಬರೆದ. ಓಂಕಾರ್ ಎರಡು ಕಡೆ ತಿದ್ದಿ ಸಹಿ ಮಾಡಿದ. ಆಮೇಲೆ ಇಬ್ಬರೂ ಡಬ್ಬಿಯತ್ತ ಮುಖ ಮಾಡಿ, ಕೈಮುಗಿದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು.

ಕಾಗೆ ರೆಕ್ಕೆ ಬಿಚ್ಚಿತು. ಡಬ್ಬಿಯಿಂದ ತಂತಿಗೆ, ತಂತಿಯಿಂದ ಗೋಡೆಯ ಅಂಚಿಗೆ ಬಂದು ಕುಳಿತಿತು. ಎಲೆ ಇನ್ನು ಎರಡು ಗೇಣು ದೂರ.

“ಬಂತು, ಬಂತು!” ಎಂದು ಆಚಾರ್ಯರು ಪಿಸುಗುಟ್ಟಿದರು. “ಇದೊಂದು ಮುಟ್ಟಿತಂದ್ರ ಮುಗೀತು ನೋಡ್ರಿ, ಬಾಯಾರ. ಇಲ್ಲಿ ಋಣಾ ಹರೀತು. ಹೊಳ್ಳಿ ಈ ಮನಿ ಕಡೆ ನೋಡೂ ಕೆಲಸಿಲ್ಲ ರಾಯರಿಗೆ.”

ಕೃಷ್ಣಾಬಾಯಿ ಕಾಗೆಯನ್ನು ನೋಡಿದರು. ಅದು ಎಲೆಯತ್ತ ಒಂದು ಹೆಜ್ಜೆ ಕುಪ್ಪಳಿಸಿತು. ಅವರು ಸರ್ರನೆ ಬೀದಿಯತ್ತ ತಿರುಗಿ, ಏಣಿ ಹೆಗಲಿಗೇರಿಸುತ್ತಿದ್ದ ಪೃಥ್ವಿರಾಜನನ್ನು ಕೂಗಿದರು.

“ಅಲ್ಲಪಾ, ಆ ಡಬ್ಬಿಗೆ ಕರೆಂಟ್ ಯಾರ ದೀಪದಿಂದ ತಗೊಂಡಾರ?”

ಏಣಿ ದಡಕ್ಕನೆ ನೆಲಕ್ಕೆ ಬಿತ್ತು. “ಹೌದಲ್ರೀ ಓಂಕಾರ್, ಕರೆಂಟ್ ಯಾರದು?” “ಅದಕ್ಕ ಬ್ಯಾರೆ ಕಾಯ್ದೆ ಅದ!” ಕಾಗೆ ಒಮ್ಮೆ ಎಲೆಯನ್ನು ನೋಡಿತು, ಒಮ್ಮೆ ಬೀದಿಯನ್ನು ನೋಡಿತು, ಹಾರಿಹೋಗಿ ಡಬ್ಬಿಯ ಮೇಲೆ ಕುಳಿತಿತು.

“ಬಾಯಾರ, ಹೊತ್ತು ಮೀರ್ತದರಿ!” ಎಂದು ಆಚಾರ್ಯರು ಹಣೆ ಚಚ್ಚಿಕೊಂಡರು.

“ಒಂದು ಗಳಿಗಿ ಮೀರಲಿ ಬಿಡ್ರಿ,” ಎನ್ನುತ್ತ ಕೃಷ್ಣಾಬಾಯಿ ಗೇಟಿನ ಕಟ್ಟೆಯ ಮೇಲೆ, ಕಂಬ ಚೆನ್ನಾಗಿ ಕಾಣುವಂತೆ, ಕುಳಿತರು. “ಹೋದ ವರ್ಷ ಒಂದು ಮಾತು ಹೇಳಲಾರದ ಎದ್ದು ಹೋದ್ರು. ಇವತ್ತರೆ ಕುಂತಿರಲಿ.”