ನಲ್ಲಿ ಎಲುಬು

ರಾವೂರಿನ ಅಗಸೆಬಾಗಿಲು ಕಂಡಕೂಡಲೇ ಅಬ್ದುಲ್ ಗನಿಯ ನಡಿಗೆ ನಿಧಾನವಾಯಿತು. ವಾಡಿ ಸ್ಟೇಷನ್ನಿನಲ್ಲಿ ಇಳಿದಾಗಿನಿಂದ ತಲೆಯಲ್ಲಿ ಒಂದೇ ಗುಂಗು: ಹೇಳುವುದೋ, ನುಂಗುವುದೋ? ಹೇಳಿದರೆ ಗೆಳೆಯನಿಗೆ ದ್ರೋಹ. ನುಂಗಿದರೆ ಗೆಳೆಯನ ತಾಯಿಗೆ ದ್ರೋಹ. ಅತ್ತ ದರಿ, ಇತ್ತ ಪುಲಿ.

ಎರಡು ವರ್ಷದ ಹಿಂದೆ ಅವನೂ ಅಂಬಾರಾಯನೂ ಕಲ್ಲುಕೆಲಸಕ್ಕೆ ಮಸ್ಕತ್‌ಗೆ ಹೊರಟಾಗ ಅಂಬಾರಾಯನ ತಾಯಿ ಮಹಾದೇವಮ್ಮ ಗನಿಯ ಕೈ ಹಿಡಿದಿದ್ದಳು.

"ಗನಿ, ನನ್ನ ಮಗ ಅಲ್ಲಿ ಒಂದ ತುತ್ತು ಮಾಂಸ ತಿಂದ್ರೂ ನನಗ ಬಂದು ಹೇಳಬೇಕು. ಮುಚ್ಚಿಡಬ್ಯಾಡ."

"ಅವ ಮುಟ್ಟಂಗಿಲ್ಲ ಬಿಡ್ರಿ, ಅವ್ವ."

"ನೀ ಮಾತು ಕೊಡು ಮೊದಲ."

ಕೊಟ್ಟ. ಇಂಥ ಮಗನ ಮೇಲೂ ಈ ಮುದುಕಿಗೆ ಅನುಮಾನವೇ ಎಂದು ಒಳಗೊಳಗೇ ಬೇಜಾರಾಯಿತು.

ಅದು ಕುರಿ ಸಾಕುವ ಮನೆ. ಹಿಂದೆಲ್ಲ ಆಯಿತವಾರ ಬಂತೆಂದರೆ ಒಲೆಯ ಮೇಲೆ ಮಟನ್ ಕುದಿಯಲೇಬೇಕು. ಹನ್ನೊಂದು ವರ್ಷದ ಹಿಂದೆ ಕಿರಿಮಗ ಗೊಲ್ಲಾಳಪ್ಪ ಕುರಿ ಮೇಯಿಸುತ್ತ ಹಳಿ ಪಕ್ಕ ನಿದ್ದೆ ಹೋದ. ಗೂಡ್ಸ್ ಗಾಡಿಗೆ ಒಂಬತ್ತು ಕುರಿ ಸಿಕ್ಕವು. ಅಪ್ಪನ ಏಟಿಗೆ ಅಂಜಿ ಹುಡುಗ ಓಡಿಹೋದವನು ತಿರುಗಿ ಬರಲಿಲ್ಲ. ಬೊಂಬಾಯಿಯಲ್ಲಿ ಕಂಡೆ ಎಂದರು ಒಬ್ಬರು. ಹಡಗು ಹತ್ತಿದ ಎಂದರು ಇನ್ನೊಬ್ಬರು. ಮಹಾದೇವಮ್ಮ ಮೈಲಾರಲಿಂಗನಿಗೆ ಹರಕೆ ಹೊತ್ತಳು. ಅವನ ಜೀವ ತಣ್ಣಗಿರಲೆಂದು ಮನೆಯವರೆಲ್ಲ ಮಾಂಸ ಬಿಟ್ಟರು. ಗಂಡ ಬಿಟ್ಟೇ ಸತ್ತ. ಕಲ್ಲುಗಣಿಯಲ್ಲಿ ಅಂಬಾರಾಯನ ಗೆಳೆತನವಾದ ಮೇಲೆ ಗನಿ ಕೇಳಿದ್ದು ಇಷ್ಟೇ ಕಥೆ. ಆ ಹುಡುಗನನ್ನು ಅವನು ಕಂಡವನಲ್ಲ.

ಮಸ್ಕತ್‌ನಲ್ಲಿ ಕ್ಯಾಂಪಿನವರೆಲ್ಲ ಮಟನ್ ಹೊಡೆಯುವಾಗ ಅಂಬಾರಾಯ ರೊಟ್ಟಿಗೆ ಉಳ್ಳಾಗಡ್ಡಿ ಕಡಿದುಕೊಂಡು ಉಣ್ಣುತ್ತಿದ್ದ. ಶುಕ್ರವಾರ ರಜೆ. ಅವತ್ತು ಬಂದರಿನ ಕಡೆ ಹೋಗಿ ಒಂದೊಂದೇ ಹೋಟೆಲಿನ ಅಡುಗೆಮನೆಗೆ ಇಣುಕುತ್ತಿದ್ದ. ಪಾಪ, ವಾಸನೆಗೆ ಬಾಯಲ್ಲಿ ನೀರೂರುತ್ತದೆ ಎಂದು ಗನಿ ಮರುಗುತ್ತಿದ್ದ.

ಕಳೆದ ತಿಂಗಳು ಗನಿ ಕಂಡೇಬಿಟ್ಟ. ಒಂದು ಹೋಟೆಲಿನ ಹಿತ್ತಲು. ಗಡ್ಡದ ಅಡುಗೆಯವನೊಬ್ಬನ ಎದುರು ಕುಕ್ಕರಗಾಲಲ್ಲಿ ಕೂತು ಅಂಬಾರಾಯ ಮಟನ್ ತಿನ್ನುತ್ತಿದ್ದ. ಬಾಯಲ್ಲಿ ತುತ್ತು, ಕಣ್ಣಲ್ಲಿ ಧಾರೆ ನೀರು. ಗನಿಯನ್ನು ಕಂಡದ್ದೇ ಅಡುಗೆಯವನು ಟವೆಲು ಮುಖಕ್ಕೆ ಎಳೆದುಕೊಂಡು ಒಳಗೆ ಸರಿದ.

"ಅಂಬಾರಾಯ! ನಿನ್ನ ತಮ್ಮನ ಜೀವದ ಹರಕಿ ಅಲ್ಲೇನೋ?"

"ಅವ್ವಗ ಹೇಳಬ್ಯಾಡ. ಈಗ ಕೇಳಿದ್ರ ಆಕಿ ಎದಿ ಒಡೀತದ. ನಾನ ಬಂದು ಹೇಳ್ತೀನಿ."

ತಪ್ಪು ಮಾಡಿದವನಿಗೆ ಅಳುವೂ ಬೇಕು, ಮಟನ್ನೂ ಬೇಕು! ಗನಿಗೆ ಮೈಯೆಲ್ಲ ಉರಿಯಿತು. ಆಮೇಲೆ ಪ್ರತಿ ಶುಕ್ರವಾರವೂ ಅದೇ ಹಿತ್ತಲು, ಅದೇ ಊಟ. ತಮ್ಮ ಸತ್ತನೆಂದು ಸುದ್ದಿ ಬಂದಿರಬೇಕು, ಅದಕ್ಕೇ ಹರಕೆ ಬಿಟ್ಟಿದ್ದಾನೆ ಎಂಬ ಸಂಶಯ ಒಂದು ದಿನ ಹೊಳೆಯಿತು. ಅಂದಿನಿಂದ ಗನಿಗೆ ನಿದ್ದೆಯೇ ಇಲ್ಲ.

ಮಹಾದೇವಮ್ಮ ಬಾಗಿಲಲ್ಲೇ ಕೂತಿದ್ದಳು. ನೀರು ಕೊಟ್ಟಳು, ಚಹಾ ಕೊಟ್ಟಳು. ಮಗ ಕಳಿಸಿದ ಸೀರೆಯನ್ನು ಬಿಚ್ಚಿ ಕೂಡ ನೋಡಲಿಲ್ಲ.

"ಏನರ ಹೇಳೂದದ ಏನು ಗನಿ?"

ಗನಿ ನೆಲ ನೋಡಿದ. "ಅವ್ವ, ನನಗ ಬೈಬ್ಯಾಡ್ರಿ. ಅವ... ತಿಂದಾನ್ರಿ."

ಮುದುಕಿ ನೀರಿನ ಚಂಬು ಹಿಡಿದುಕೊಂಡೇ ಹತ್ತಿರ ಸರಿದಳು. ಬೊಬ್ಬೆ ಹೊಡೆಯುತ್ತಾಳೆಂದು ಗನಿ ಎದೆ ಗಟ್ಟಿಮಾಡಿಕೊಂಡ. ಆಕೆ ಪಿಸುಗುಟ್ಟಿದಳು:

"ಒಬ್ಬನ ಉಂಡನೋ, ಜೋಡಿ ಯಾರರ ಇದ್ರೋ?"

"ಒಬ್ಬ ಅಡಿಗಿಯವ ಇದ್ದ. ಒಂದ ತಾಟಿನ್ಯಾಗ ಉಣ್ಣಾಕತ್ತಿದ್ರು."

"ನಲ್ಲಿ ಎಲುಬು ಯಾರು ತಿಂದ್ರು?"

ಇದೆಂಥ ಪ್ರಶ್ನೆ! ಮುದುಕಿಗೆ ತಲೆ ಕೆಟ್ಟಿತೇ?

"ಅಂಬಾರಾಯ ಆರಿಸಿ ಆರಿಸಿ ಅವನ ಮುಂದ ಇಡ್ತಿದ್ದ. ಆ ಅಡಿಗಿಯವ ಎಲುಬು ತಾಟಿಗಿ ಕುಟ್ಟಿ ಕುಟ್ಟಿ ಸಣ್ಣ ಹುಡುಗ್ರಂಗ ಒಳಗಿಂದು ಹೀರ್ತಿದ್ದ."

ಚಂಬು ಕೆಳಗೆ ಬಿತ್ತು. ಮಹಾದೇವಮ್ಮ ಎದ್ದಳು, ಅತ್ತಳು, ನಕ್ಕಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಗೋಡೆಯಾಚೆಯ ನೆರೆಯವಳನ್ನು ಊರಿಗೆಲ್ಲ ಕೇಳುವಂತೆ ಕೂಗಿದಳು.

"ಸುಂದರಮ್ಮಾ, ಮಸಾಲಿ ಅರಿ ಬಾರವ್ವಾ! ಎಲುಬು ಕುಟ್ಟಿ ಹೀರೂ ನನ್ನ ಗೊಲ್ಲಾಳ ಸಿಕ್ಕಾನ! ಅವನ ತಾಟಿನ್ಯಾಗ ಉಂಡೇ ಹರಕಿ ಬಿಡ್ತೀನಂತ ಅಂಬಾರಾಯ ದೇವರ ಮುಂದ ಆಣಿ ಮಾಡಿದ್ದ!"